ತನುಜಳ ಪಕ್ಕ

ಚಿಕ್ಕವೆಂಕಟಮ್ಮ ಅಕ್ಕನ ಹಣೆಗೆ ಕಾಸಗಲ ಕುಂಕುಮ ಇಟ್ಟು ಕೈ ತೆಗೆಯುವಷ್ಟರಲ್ಲಿ, ಚರ್ಚಿನ ಮಾತೆಯರ ಸಂಘದ ಕದಿರಮ್ಮ ಒದ್ದೆ ಬಟ್ಟೆಯಿಂದ ಅದನ್ನು ಒರೆಸಿಬಿಟ್ಟಳು.

"ಯಾಕಮ್ಮ ಒರೆಸ್ದೆ? ಗಂಡ ಬದುಕವ್ನೆ. ಮುತ್ತೈದೆ ಸಾವು."

"ನಮ್ಮಲ್ಲಿ ಇಡಲ್ಲ ಕಣಮ್ಮ. ಸ್ವಾಮಿಗಳು ಬರೋ ಹೊತ್ತಾಯ್ತು."

"ನಿಮ್ಮೋಳಾಗೋಕೆ ಮುಂಚೆ ಅವಳು ನನ್ನಕ್ಕ."

ಕದಿರಮ್ಮ ಬಟ್ಟೆ ಹಿಂಡಿ ಹಣೆಯನ್ನು ಇನ್ನೊಮ್ಮೆ ಉಜ್ಜಿದಳು. ಕೆಂಪು ಪೂರ್ತಿ ಹೋಗದೆ ಸುಕ್ಕುಗಳ ಸಂದಿಯಲ್ಲಿ ಉಳಿಯಿತು. ಜಗುಲಿಯ ಮೇಲೆ ಕೂತಿದ್ದ ಕೋನಪ್ಪ ಹೆಂಡತಿಯ ಮುಖ ನೋಡದೆ ಬೀದಿಯನ್ನೇ ನೋಡುತ್ತಿದ್ದ.

ಸಾದಲಿಯಿಂದಾಚೆ ಗುಂಡ್ಲಬಂಡೆಯ ಕಾಲೋನಿಗೆ ಆಕೆ ಗಂಗುಲಮ್ಮ; ಚರ್ಚಿಗೆ ಆಗ್ನೆಸಮ್ಮ. ರಾತ್ರಿ ಉಸಿರು ಸಿಕ್ಕದೆ ಒದ್ದಾಡುವಾಗ ಮಗ ಮುನೇಶನ ಕೈ ಹಿಡಿದು ಒಂದೇ ಮಾತು ಹೇಳಿದ್ದಳು: "ನಮ್ ಪಾಪನ ಪಕ್ಕ ಹಾಕು. ಇನ್ನೇನೂ ಬೇಡ."

ಚರ್ಚಿನ ಪಾಲನಾ ಸಮಿತಿಯ ಮುಖ್ಯಸ್ಥ ಮೋಹನ್‌ಬಾಬು ಹಾರ ಹಿಡಿದು ಬಂದ. ಚಿಂತಾಮಣಿ ರಸ್ತೆಯಲ್ಲಿ ಸೈಟು ಮಾರುವವನು. ಹಾರ ಹಾಕಿ, ಶಿಲುಬೆಯ ಗುರುತು ಮಾಡಿಕೊಂಡು, ಮುನೇಶನನ್ನು ಬದಿಗೆ ಕರೆದ.

"ಕೆರೆ ಹತ್ರದ ಹೊಸ ಸಿಮಿಟ್ರಿಲಿ ಗುಂಡಿ ತೆಗೀತಾವ್ರೆ ಕಣಪ್ಪ. ಮಧ್ಯಾಹ್ನಕ್ಕೆ ಮುಂಚೆ ಪೂಜೆ ಮುಗಿಸ್ಬಿಡಣ."

"ಅಣ್ಣ, ನಮ್ಮಕ್ಕ ತನುಜನ ಪಕ್ಕ ಅಂತ ಅಮ್ಮ ಹೇಳವ್ರೆ."

"ಎಲ್ಲಿ, ಪಾರ್ಕಿಂಗ್ನಲ್ಲಾ?" ಮೋಹನ್‌ಬಾಬು ದನಿ ತಗ್ಗಿಸಿದ. "ಭಾನುವಾರ ಬಿಷಪ್ ಬರ್ತಾವ್ರೆ. ಇವಾಗ ಕಲ್ಲು ಕಿತ್ತು ಗುಂಡಿ ತೋಡಕ್ಕಾಯ್ತದಾ? ಇವತ್ತು ನಿಂದು, ನಾಳೆ ಇನ್ನೊಬ್ರುದು. ಇಸ್ಕೂಲ್ ವ್ಯಾನಿನ ಕೀ ನಿನ್ ಹತ್ರಾನೇ ಇರ್ಲಿ ಅಂತ ನನಗೂ ಆಸೆ."

ಚರ್ಚಿನ ಶಾಲೆಯ ವ್ಯಾನು ಓಡಿಸುವ ಮುನೇಶನಿಗೆ ಅದು ಅರ್ಥವಾಗದ ಮಾತೇನಲ್ಲ.

ಚಿಕ್ಕವೆಂಕಟಮ್ಮ ಒಳಗಿನಿಂದಲೇ ಕೇಳಿಸಿಕೊಂಡಿದ್ದಳು. "ನಮ್ ಮಸಣಕ್ಕೇ ತಗೊಂಡೋಗಣ ಮುನೇಶ. ಈಗ ಯಾರೂ ಬೇಡ ಅನ್ನಲ್ಲ."

"ಅನ್ನೋ ಕಾಲದಲ್ಲಿ ಅಂದ್ರಲ್ಲ ಚಿಕ್ಕಮ್ಮ" ಎಂದ ಮುನೇಶ.

*

ಆಗ ಗುಂಡ್ಲಬಂಡೆಯಲ್ಲಿ ಚರ್ಚಿರಲಿಲ್ಲ. ದೀಕ್ಷಾಸ್ನಾನ ಪಡೆದದ್ದು ಕಾಲೋನಿಯ ಐದಾರು ಮನೆಗಳವರು. ತಿಂಗಳಿಗೊಮ್ಮೆ ಬೈಕಿನಲ್ಲಿ ಬರುತ್ತಿದ್ದ ವಯಸ್ಸಾದ ಪಾದ್ರಿ, ಗಂಗುಲಮ್ಮ ರೇಷ್ಮೆ ಸಾಕುತ್ತಿದ್ದ ಹುಳದ ಮನೆಯಲ್ಲೇ ಪೂಜೆ ಮಾಡುತ್ತಿದ್ದರು. ಮೊದಲ ಕ್ರಿಸ್‌ಮಸ್ಸಿಗೆ ಹುಳಗಳು ನಾಲ್ಕನೇ ಜ್ವರ ಎದ್ದು, ಕೊನೆಯ ಪೊರೆ ಕಳಚಿ, ಹಗಲು ರಾತ್ರಿ ಸೊಪ್ಪು ತಿನ್ನುತ್ತಿದ್ದವು. ಸಾಂಬ್ರಾಣಿ ಹೊಗೆ ತಾಗಿದರೆ ಒಂದೂ ಉಳಿಯುವುದಿಲ್ಲ. ಗಂಗುಲಮ್ಮ ಹುಳದ ತಟ್ಟೆಗಳನ್ನೆಲ್ಲ ಹೊತ್ತು ಹೊರಗೆ ಬೇವಿನ ಮರದಡಿ ಇಟ್ಟಳು. ಚಳಿಗೆ ಅರ್ಧ ಬೆಳೆ ಸತ್ತಿತು. ಪಾದ್ರಿ ನೊಂದುಕೊಂಡಾಗ ಅವಳೇ ಸಮಾಧಾನ ಹೇಳಿದಳು: "ಹೋಗ್ಲಿ ಬಿಡಿ ಸ್ವಾಮಿ. ಯೇಸುಸ್ವಾಮಿ ದನದ ಮನೇಲಿ ಹುಟ್ಟಿದ್ರು, ಇಲ್ಲಿ ಹುಳದ ಮನೆ ಸಿಕ್ತು."

ಮರುಬೇಸಿಗೆಯಲ್ಲಿ ಮೂರು ವರ್ಷದ ತನುಜ ಕಾಮಾಲೆಯಿಂದ ಸತ್ತಳು. ಮಗುವನ್ನು ಎದೆಗಪ್ಪಿಕೊಂಡು ಕಾಲೋನಿಯ ಮಸಣಕ್ಕೆ ಹೋದರೆ, ಗಂಗುಲಮ್ಮನ ಹೆತ್ತ ಅಪ್ಪನೇ ದಾರಿಗೆ ಅಡ್ಡ ನಿಂತಿದ್ದ. ಅವನ ಹಿಂದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಚಿಕ್ಕವೆಂಕಟಮ್ಮ.

"ದೇವರನ್ನ ಬದಲಾಯಿಸ್ಕೊಂಡ್ಯಲ್ಲ, ಮಣ್ಣನ್ನೂ ಬದಲಾಯಿಸ್ಕೋ" ಎಂದ ಅಪ್ಪ.

ಅವಳು ಮಗುವನ್ನು ಹೊತ್ತೇ ಹಿಂದಿರುಗಿದಳು. ತವರಿನಿಂದ ಅರಿಶಿನ ಕುಂಕುಮಕ್ಕೆಂದು ಬಂದಿದ್ದ ಹಿಪ್ಪುನೇರಳೆ ತೋಟ ರಸ್ತೆ ಬದಿಯಲ್ಲಿತ್ತು. ಅದರ ಬದುವಿನಲ್ಲಿ ಕೋನಪ್ಪ ಗುಂಡಿ ತೋಡಿದ. ಮುಂದೆ ಚರ್ಚಿಗೆ ಜಾಗ ಹುಡುಕುವಾಗ ಗಂಗುಲಮ್ಮ ಆ ತೋಟವನ್ನೇ ಬಿಟ್ಟುಕೊಟ್ಟಳು.

"ಪಾಪ ಒಂದೇ ಅದೆ ಅಲ್ಲಿ. ಗಂಟೆ ಸದ್ದು ಕೇಳಿಸ್ಕೊಂಡು ಮಲಗಿರ್ಲಿ" ಎಂದಿದ್ದಳು.

*

ಚರ್ಚು ತುಂಬಿತ್ತು. ಹಳೆಯ ಮನೆಗಳವರು ಎಂದಿನಂತೆ ಹಿಂದಿನ ಸಾಲುಗಳಲ್ಲಿ ಕೂತಿದ್ದರು. ಫಾದರ್ ಭಾನುಪ್ರಕಾಶ್ ಈ ಧರ್ಮಕೇಂದ್ರಕ್ಕೆ ಬಂದು ವರ್ಷವಾಗಿತ್ತಷ್ಟೇ. ಪೆಟ್ಟಿಗೆಯ ಪಕ್ಕ ನಿಂತು ಅವರು ಪ್ರಬೋಧನೆ ಕೊಟ್ಟರು.

"ಆಗ್ನೆಸಮ್ಮ ನಮ್ಮ ಧರ್ಮಕೇಂದ್ರದ ತಾಯಿಬೇರು. ಐದಾರು ಮನೆಗಳಿದ್ದ ಈ ಸಭೆ ಇಂದು ನೂರಾರು ಕುಟುಂಬಗಳಾಗಿ ಬೆಳೆದಿದ್ದರೆ..."

ನಡುಸಾಲಿನಲ್ಲಿದ್ದ ಒಬ್ಬಾಕೆ ಪಕ್ಕದವಳನ್ನು ಕೇಳಿದಳು: "ಯಾರೇ ಇವ್ರು? ನಾನು ಚರ್ಚಲ್ಲಿ ನೋಡೇ ಇಲ್ಲ."

"ಪಾರ್ಕಿಂಗಲ್ಲಿ ಕೂರ್ತಿತ್ತಲ್ಲ, ಆ ಅಜ್ಜಿ ಕಣೇ. ತಲೆ ಸರಿ ಇರ್ಲಿಲ್ವಂತೆ."

ಮುಂದಿನ ಬೆಂಚಿನಲ್ಲಿ ಕೋನಪ್ಪ ಎರಡು ಕೈಯನ್ನೂ ತೊಡೆಗಳ ನಡುವೆ ಸಿಕ್ಕಿಸಿಕೊಂಡು ಕೂತಿದ್ದ.

*

ಮೊದಲು ಹೆಂಚಿನ ಚರ್ಚು ಬಂತು. ಆಮೇಲೆ ಸಿಸ್ಟರುಗಳು ಬಂದರು, ಇಂಗ್ಲಿಷ್ ಶಾಲೆ ಬಂತು. ಇಟ್ಟಿಗೆ ಗೂಡಿನ ಕೆಲಸಕ್ಕೆ ಬಂದವರು ಸೇರಿದರು. ಕೊನೆಗೆ ಹೊಸ ಬಡಾವಣೆಗಳ ಕಾರಿನವರು. ಹೆಂಚಿನ ಚರ್ಚು ಸಾಲದೆ ದೊಡ್ಡದು ಎದ್ದಿತು. ಗಾಡಿಗಳಿಗೆ ಜಾಗ ಬೇಕಾಯಿತು. ಅಂಗಳದಲ್ಲಿದ್ದ ಹಳೆಯ ಸಮಾಧಿಗಳ ಮೂಳೆಗಳನ್ನು ಪ್ರಾರ್ಥನೆ ಮಾಡಿ ಕೆರೆಯ ಹತ್ತಿರಕ್ಕೆ ಸಾಗಿಸಿದರು. ಗಂಗುಲಮ್ಮ ಮಾತ್ರ ತನುಜಳ ಸಮಾಧಿಯನ್ನು ಮುಟ್ಟಗೊಡಲಿಲ್ಲ.

"ಒಂದ್ಸಲ ಮಣ್ಣಿಗೆ ಕೊಟ್ಟಿದೀನಿ. ಇನ್ನೊಂದ್ಸಲ ಕೊಡೋಕೆ ನನ್ನ ಕೈಲಾಗಲ್ಲ."

ಅದೊಂದನ್ನು ಬಿಟ್ಟು ಕೆಲಸ ಮಾಡುತ್ತೇವೆಂದು ಸಮಿತಿ ಮಾತು ಕೊಟ್ಟಿತು. ಮುನೇಶನ ಹೆಂಡತಿಯ ಬಾಣಂತನಕ್ಕೆಂದು ಅವಳು ಗೌರಿಬಿದನೂರಿಗೆ ಹೋದಳು. ಮೊಮ್ಮಗನಿಗೆ ನೀರು ಹಾಕಿ, ತೊಟ್ಟಿಲಿಗೆ ಹಾಕುವ ಶಾಸ್ತ್ರ ಮುಗಿಸಿ ತಿರುಗಿ ಬಂದರೆ, ಅಂಗಳದ ತುಂಬ ಬೂದು ಬಣ್ಣದ ಸಿಮೆಂಟು ಕಲ್ಲುಗಳ ಹಾಸು. ಸಮಾಧಿಯ ಗುರುತೇ ಇಲ್ಲ.

"ಕೆಳಗೇ ಐತೆ ಕಣೇ" ಎಂದಿದ್ದ ಕೋನಪ್ಪ. "ಮೇಲೆ ಕಲ್ಲು ಹಾಸವ್ರೆ, ಅಷ್ಟೇಯ. ಮಳೆ ಬಿಸಿಲು ತಾಗಲ್ಲ ಬಿಡು."

"ನೀನು ಹೂಂ ಅಂದ್ಯಾ?"

"ಎಲ್ಲಾರೂ ಕೇಳುದ್ರು."

ಹೊಸ ಚರ್ಚಿನ ಉದ್ಘಾಟನೆಯ ದಿನ ಸ್ಥಳದಾನಿಯೆಂದು ಕೋನಪ್ಪನಿಗೆ ಶಾಲು ಹೊದಿಸಿದರು. ಮುಂದಿನ ಬೆಂಚು ಅವನದಾಯಿತು. ಗಂಗುಲಮ್ಮ ಆ ಚರ್ಚಿನೊಳಗೆ ಕಾಲಿಡಲೇ ಇಲ್ಲ. ಭಾನುವಾರ ಗಂಟೆಯಾದೊಡನೆ ಬಂದು, ಗೋಡೆಯ ಕಡೆಯಿಂದ ಅಂದಾಜು ಮಾಡಿ, ಆ ಕಲ್ಲುಗಳ ಮೇಲೆ ಕೂರುತ್ತಿದ್ದಳು. ಕಾರು ಹಿಂದಕ್ಕೆ ಬರುತ್ತ ಹಾರನ್ ಹೊಡೆಯುತ್ತಿತ್ತು. "ಅಜ್ಜಿ, ಸ್ವಲ್ಪ ಎದ್ದೇಳಿ, ಗಾಡಿ ನಿಲ್ಲಿಸ್ಬೇಕು." ಅವಳು ಎದ್ದು ನಿಲ್ಲುತ್ತಿದ್ದಳು. ಗಾಡಿ ನಿಂತ ಮೇಲೆ ಚಕ್ರದ ಪಕ್ಕ ಕೂತು, ಕಲ್ಲಿನ ಮೇಲೆ ಅಂಗೈ ಇಟ್ಟು, ಏನನ್ನೋ ಮೆಲ್ಲಗೆ ಮಾತಾಡುತ್ತಿದ್ದಳು. ಒಳಗಿನಿಂದ ಹಾಡು ಕೇಳುತ್ತಿತ್ತು.

*

ಪೂಜೆ ಮುಗಿದು ಪೆಟ್ಟಿಗೆ ಹೊರಗೆ ಬಂತು. ಅದನ್ನು ಕೊಂಡೊಯ್ಯುವ ವಾಹನ ಗೇಟಿನ ಬಳಿ ಕಾಯುತ್ತಿತ್ತು. ಮುನೇಶ ಅತ್ತ ಹೋಗಲಿಲ್ಲ. ಗೋಡೆಯ ಹತ್ತಿರ ಕಾರುಗಳ ನಡುವೆ ಪೆಟ್ಟಿಗೆ ಇಳಿಸುವಂತೆ ಹೊತ್ತವರಿಗೆ ಹೇಳಿ, ಶಾಲೆಯ ವ್ಯಾನಿನಿಂದ ಹಾರೆ ತಂದ. ಅದರ ಜೊತೆಗೇ ವ್ಯಾನಿನ ಕೀ ತಂದು ಮೋಹನ್‌ಬಾಬುವಿನ ಕೈಗಿಟ್ಟ.

"ಏನು ಮುನೇಶ್ ಇದು?" ಫಾದರ್ ಓಡಿ ಬಂದರು.

"ನಮ್ಮಕ್ಕ ತನುಜ ಇಲ್ಲೇ ಅವ್ಳೆ ಸ್ವಾಮಿ. ಈ ಕಲ್ಲಿನ ಕೆಳಗೆ. ಅಮ್ಮನ್ನ ಇಲ್ಲೇ ಹಾಕ್ತೀನಿ."

ಫಾದರ್ ಮೋಹನ್‌ಬಾಬುವಿನ ಕಡೆ ತಿರುಗಿದರು. "ಇಲ್ಲೊಂದು ಸಮಾಧಿ ಇದೆ ಅಂತ ನನಗ್ಯಾಕೆ ಯಾರೂ ಹೇಳಲಿಲ್ಲ?"

"ಹಳೇ ವಿಷಯ ಸ್ವಾಮಿ. ಆಗ್ಲೇ ತೀರ್ಮಾನ ಆಗಿತ್ತು."

ಫಾದರ್ ಪೆಟ್ಟಿಗೆಯ ಕಡೆ ನೋಡಿ ಹೇಳಿದರು: "ತೆಗೀರಿ. ಬಿಷಪ್ಪರಿಗೆ ನಾನು ಹೇಳ್ಕೊಳ್ತೀನಿ. ಆ ಕಾರು ಯಾರದು, ಸರಿಸಿ."

ಮುನೇಶ ಹಾರೆಯ ಮೊನೆಯನ್ನು ಸಂದಿಗಿಟ್ಟು ಮೊದಲ ಕಲ್ಲು ಎಬ್ಬಿಸಿದ. ಎರಡನೆಯದು ಸಡಿಲವಾಯಿತು. ಆಗ ಹಿಂದಿನಿಂದ ಕೋನಪ್ಪನ ದನಿ ಬಂತು.

"ಬೇಡ ಕಣಪ್ಪ. ಪಾಪ ಅಲ್ಲಿಲ್ಲ."

ಹಾರೆ ನಿಂತಿತು.

"ಅವತ್ತು ಜೆಸಿಬಿಯವರು ಮಟ್ಟ ಮಾಡ್ತಿದ್ರು. ಮಣ್ಣನ್ನೆಲ್ಲ ಎತ್ತಿ ಟ್ರ್ಯಾಕ್ಟರಿಗೆ ಹಾಕ್ಬಿಟ್ರು. ನಾನು ಕೂಗೋವಷ್ಟ್ರಲ್ಲಿ..."

"ಕೂಗಿದ್ಯಾ?" ಎಂದ ಮುನೇಶ.

ಕೋನಪ್ಪ ತಲೆ ತಗ್ಗಿಸಿದ.

"ಮಣ್ಣು ಎಲ್ಲಿ ಸುರಿದ್ರು?"

"ಇಸ್ಕೂಲಿನ ಹಿಂದೆ. ಹಳ್ಳ ಇತ್ತಲ್ಲ, ಮೈದಾನ ಮಾಡೋಕೆ."

"ಅಮ್ಮಂಗೆ ಹೇಳ್ಬೇಕಿತ್ತಲ್ಲಪ್ಪ."

"ಹೆಂಗಪ್ಪ ಹೇಳ್ಲಿ? ಇಲ್ಲಿ ಬಂದು ಕೂತ್ರೆ ಅವಳಿಗೆ ಸಮಾಧಾನ ಆಗ್ತಿತ್ತು."

ಚಿಕ್ಕವೆಂಕಟಮ್ಮ ಎದೆ ಬಡಿದುಕೊಂಡಳು. "ಇದೇಮಿ ನ್ಯಾಯಂ ಸ್ವಾಮಿ, ಇದ್ಯಾವ ನ್ಯಾಯ? ಇಷ್ಟು ವರ್ಷ ನನ್ನಕ್ಕನ್ನ ಬರೀ ಕಲ್ಲಿನ ಜೊತೆ ಮಾತಾಡ್ಸುದ್ರಾ?" ಮರುಗಳಿಗೆ, ತಾನೂ ಒಂದು ದಿನ ಮಸಣದ ದಾರಿಯಲ್ಲಿ ಮುಖ ಮುಚ್ಚಿಕೊಂಡು ನಿಂತಿದ್ದು ನೆನಪಾಯಿತೇನೋ, ಬಡಿಯುತ್ತಿದ್ದ ಕೈ ಇಳಿಸಿದಳು.

ಮೋಹನ್‌ಬಾಬು ಕಾಲಿನಿಂದ ಕಲ್ಲನ್ನು ಅದರ ಜಾಗಕ್ಕೆ ನೂಕಿದ.

"ಹಂಗಾದ್ರೆ ತೊಂದ್ರೆ ಇಲ್ಲ ಸ್ವಾಮಿ. ಹೊಸ ಸಿಮಿಟ್ರಿಗೇ ಹೋಗಣ."

ಕೆರೆಯ ಹತ್ತಿರ ಹೊಸ ಸಾಲಿನ ಕೊನೆಯಲ್ಲಿ ಗಂಗುಲಮ್ಮನನ್ನು ಇಳಿಸಿದರು. ಒಂದು ಪಕ್ಕದಲ್ಲಿ ಯಾರೋ ಗೊತ್ತಿಲ್ಲದವರು, ಇನ್ನೊಂದು ಪಕ್ಕ ಖಾಲಿ. ಮುನೇಶ ಮಣ್ಣು ಹಾಕಿದ, ಚಿಕ್ಕವೆಂಕಟಮ್ಮ ಹಾಕಿದಳು. ಕೋನಪ್ಪ ಬಗ್ಗಿ ಒಂದು ಹಿಡಿ ತೆಗೆದುಕೊಂಡ.

"ನೀನು ಹಾಕ್ಬೇಡಪ್ಪ" ಎಂದ ಮುನೇಶ. ಗಟ್ಟಿಯಾಗಿಯೇನೂ ಹೇಳಲಿಲ್ಲ. ಕೋನಪ್ಪ ಬೆರಳು ಬಿಡಿಸಿ ಮಣ್ಣನ್ನು ಅಲ್ಲೇ ಕೆಳಗೆ ಬಿಟ್ಟ.

ಎಲ್ಲರೂ ಮನೆಯ ಕಡೆ ಹೊರಟರು. ಅವನನ್ನು ಯಾರೂ ಕರೆಯಲಿಲ್ಲ. ಅವನು ಕೆರೆ ಏರಿಯ ಮೇಲೆ ನಡೆದು ಶಾಲೆಯ ಹಿಂಭಾಗಕ್ಕೆ ಬಂದ. ಗಂಗುಲಮ್ಮನ ಗೌರವಾರ್ಥ ಮಧ್ಯಾಹ್ನ ರಜೆ ಕೊಟ್ಟಿದ್ದರು. ರಜೆ ಸಿಕ್ಕ ಖುಷಿಗೆ ಹುಡುಗಿಯರು ಮನೆಗೆ ಹೋಗದೆ, ಹಳ್ಳ ಮುಚ್ಚಿ ಮಾಡಿದ್ದ ಮೈದಾನದಲ್ಲಿ ಕೂಗಾಡುತ್ತ ಥ್ರೋಬಾಲ್ ಆಡುತ್ತಿದ್ದರು. ಅಂಚಿನಲ್ಲಿ ಚಪ್ಪಲಿ ಬಿಟ್ಟು ಕೋನಪ್ಪ ಒಳಗೆ ಬಂದ. ಮಣ್ಣು ಎಲ್ಲ ಕಡೆ ಒಂದೇ ಬಣ್ಣ. ಸಾವಿರ ಕಾಲು ತುಳಿದು ಗಟ್ಟಿಯಾಗಿತ್ತು.

"ತಾತಾ, ಪಕ್ಕಕ್ಕೆ ಹೋಗಿ! ಬಾಲ್ ತಗುಲುತ್ತೆ!"

ಸರಿಯಲೆಂದು ಅವನು ಕಾಲೆತ್ತಿದ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಎಲ್ಲಿ ಊರಬೇಕೋ ತಿಳಿಯದೆ, ಬಿಸಿಲಿನಲ್ಲಿ ಒಂಟಿ ಕಾಲಿನ ಮೇಲೆ ಅಲ್ಲಾಡುತ್ತ ನಿಂತ.