ಸವತಿಯ ಕಡೆಯವರು

ಋಷಿಮೂಲ, ನದಿಮೂಲ ಕೇಳಬಾರದು ಎನ್ನುತ್ತಾರೆ ತಿಳಿದವರು. ನಾನು ಕಂಡವರ ಮೂಲವನ್ನೆಲ್ಲ ಕೆದಕಿಯೇ ಹೊಟ್ಟೆ ಹೊರೆಯುವವಳು. ನಿಮ್ಮ ಮುತ್ತಜ್ಜಿಯ ತಂಗಿ ಯಾರ ಮನೆ ಸೇರಿದಳು, ಮುನಿಸಿಕೊಂಡು ಊರು ಬಿಟ್ಟ ಚಿಕ್ಕಜ್ಜನಿಗೆ ಇನ್ನೊಂದು ಸಂಸಾರವಿತ್ತೇ, ಎಲ್ಲ ಹುಡುಕಿ, ವಂಶಾವಳಿ ಬರೆದು, ಚೌಕಟ್ಟು ಹಾಕಿಸಿ ಕೊಡುತ್ತೇನೆ. ಸಂಜೆ ಹೊತ್ತು ಗ್ರಂಥಾಲಯದ ಸಭಾಂಗಣದಲ್ಲೋ ನಿವೃತ್ತರ ಸಂಘದಲ್ಲೋ ಭಾಷಣ. ಮೈಕು ಕೈಗೆ ಸಿಕ್ಕರೆ ನನ್ನನ್ನು ಕೆಳಗಿಳಿಸುವುದು ಕಷ್ಟ ಅಂತ ಸಂಘದ ಕಾರ್ಯದರ್ಶಿ ಹೇಳಿಕೊಂಡು ತಿರುಗುತ್ತಾನೆ. ತಿರುಗಲಿ. ಕುರ್ಚಿ ಸಾಲದೆ ಗೋಡೆಗೊರಗಿ ನಿಂತು ಕೇಳುವ ಜನ ಅವನ ಭಾಷಣಕ್ಕೆ ಬರುವುದಿಲ್ಲವಲ್ಲ.

ಪ್ರತಿ ಭಾಷಣದಲ್ಲೂ ಒಂದು ಮಾತು ತಪ್ಪದೆ ಹೇಳುತ್ತೇನೆ. ನೆಂಟರನ್ನು ಹುಡುಕಿಕೊಂಡು ಹೋದಾಗ ಸತ್ತವರ ಬಗ್ಗೆ ಕೇಳಿ, ಬದುಕಿರುವವರ ತಂಟೆಗೆ ಹೋಗಬೇಡಿ. ಬದುಕಿರುವವರ ಹೆಸರೆತ್ತಿದರೆ ಹಳೆ ಜಗಳ ಏಳುತ್ತದೆ, ಬಾಗಿಲು ಮುಚ್ಚುತ್ತದೆ. ಮೊದಲ ಭೇಟಿಗೆ ನಾನು ಗಿರಾಕಿಯನ್ನೂ ಕರೆದುಕೊಂಡು ಹೋಗುವುದಿಲ್ಲ. ಒಬ್ಬಳೇ ಹೋಗಿ, ಆ ಮನೆಯ ಗಾಳಿ ಹೇಗಿದೆ ನೋಡಿ ಬರುತ್ತೇನೆ. ಇಷ್ಟು ವರ್ಷ ಯಾರ ಕೈಲೂ ಬೈಸಿಕೊಳ್ಳದೆ ಕಸುಬು ನಡೆಸಿದ್ದು ಹೀಗೆ.

ಹೋದ ತಿಂಗಳು ನನ್ನ ಮಗಳು ಆಫೀಸಿಗೆ ಬಂದಳು. ಏಳು ತಿಂಗಳ ಬಸುರಿ. ಮನೆಗಾದರೆ ಚಪ್ಪಲಿ ಬಿಡುವ ಮೊದಲೇ ಏನಿದೆ ತಿನ್ನೋಕೆ ಅನ್ನುತ್ತಾ ಅಡುಗೆಮನೆಗೆ ನುಗ್ಗುವವಳು, ಇಲ್ಲಿ ಬಂದು ನನ್ನ ಮೇಜಿನ ಎದುರು ಗಿರಾಕಿಗಳ ಕುರ್ಚಿಯಲ್ಲಿ ಕೂತಳು.

"ಅಮ್ಮ, ಒಂದು ಕೆಲಸ ಇದೆ. ಬೇರೆಯವರಿಗೆ ಮಾಡಿಕೊಡೋ ಹಾಗೇ ಮಾಡಿಕೊಡ್ಬೇಕು," ಅಂದಳು. "ನನ್ನ ಹೆತ್ತಮ್ಮನ ಕಡೆಯವರು ಯಾರಾದ್ರೂ ಇದ್ದಾರಾ ಹುಡುಕು."

ಅವಳನ್ನು ಹೆತ್ತವಳು ನಾನಲ್ಲ. ನನ್ನ ಗಂಡನ ಮೊದಲ ಹೆಂಡತಿ ಜ್ವರದಲ್ಲಿ ತೀರಿಕೊಂಡಾಗ ಮಗುವಿಗೆ ಮೂರು ವರ್ಷ. ಮರುವರ್ಷ ನಾನು ಬಂದೆ. ಸತ್ತವಳ ತವರಿನವರಿಗೂ ನನ್ನ ಅತ್ತೆಗೂ ಮಾತಿಗೆ ಮಾತು ಬೆಳೆದು, ಆ ಕಡೆಯವರು ನಮ್ಮ ಹೊಸ್ತಿಲು ತುಳಿಯುವುದನ್ನೇ ಬಿಟ್ಟರು. ಮಗು ನನ್ನನ್ನು ಅಮ್ಮ ಅಂದಿತು. ನನಗೆ ಬೇರೆ ಮಕ್ಕಳಾಗಲಿಲ್ಲ, ಬೇಕು ಅನಿಸಲೂ ಇಲ್ಲ. ಅಮ್ಮ ಅನ್ನುವ ಆ ಒಂದು ಮಾತಿನ ಮೇಲೆ ನನ್ನ ಇಡೀ ಸಂಸಾರ ನಿಂತಿದೆ. ಈಗ ಅದರಲ್ಲಿ ಪಾಲು ಕೇಳುವವರನ್ನು ನಾನೇ ಹುಡುಕಿ ತರಬೇಕಂತೆ.

"ಹುಡುಕೋಣ. ಸ್ವಲ್ಪ ಟೈಮ್ ಹಿಡಿಯುತ್ತೆ," ಅಂದೆ ನಗುನಗುತ್ತಾ.

ಸತ್ತವಳ ಜೊತೆ ಪೈಪೋಟಿ ಮಾಡಿ ನೋಡಿ, ಗೊತ್ತಾಗುತ್ತದೆ. ಅವಳಿಗೆ ವಯಸ್ಸಾಗುವುದಿಲ್ಲ, ಮಂಡಿ ನೋಯುವುದಿಲ್ಲ, ಅವಳು ಯಾರಿಗೂ ಬೈಯುವುದಿಲ್ಲ. ಲೆಕ್ಕದಲ್ಲಿ ಫೇಲಾದ ದಿನ ಮಗಳಿಗೆ ಎರಡೇಟು ಕೊಟ್ಟು ಕೆಟ್ಟವಳಾದದ್ದು ನಾನು. ಕಾಮಾಲೆಯಾದಾಗ ನಿದ್ದೆಗೆಟ್ಟದ್ದು ನಾನು. ಗೋಡೆಯ ಮೇಲೆ ಮದುವೆಯ ಸೀರೆಯುಟ್ಟು, ಎಳೆ ಹುಡುಗಿಯಾಗಿ, ನಗುತ್ತಾ ನಿಂತದ್ದು ಅವಳು. ಅವಳ ಕಡೆಯವರು ಈಗ ಎಲ್ಲಿದ್ದಾರೆ ಅಂತ ಗಂಡನನ್ನು ಕೇಳಿದೆ. "ಈಗ್ಯಾಕೆ ಅದೆಲ್ಲ?" ಎಂದು ಪೇಪರು ಎತ್ತಿ ಮುಖಕ್ಕೆ ಹಿಡಿದರು. ಅವರು ಬಾಯಿ ಬಿಟ್ಟರೆ ಮುತ್ತು ಉದುರೀತು.

ನಿಜ ಹೇಳಬೇಕೆಂದರೆ ಕೆಲಸ ಒಂದೇ ಮಧ್ಯಾಹ್ನದ್ದು. ಗೋಡೆಯ ಫೋಟೋ ಇಳಿಸಿ ನೋಡಿದರೆ ಹಿಂದೆ ಸ್ಟುಡಿಯೋದ ಮೊಹರಿತ್ತು. ಆ ಸ್ಟುಡಿಯೋ ಈಗ ಮೊಬೈಲ್ ರಿಪೇರಿ ಅಂಗಡಿ. ಮೂಲೆಯಲ್ಲಿ ಕೂತಿದ್ದ ಹಳೆಯ ಮಾಲೀಕ ಫೋಟೋ ನೋಡಿದವನೇ, "ಪರದೆ ಹೊಲಿಯೋರ ತಂಗಿ ಅಲ್ವಾ ಇವರು? ಅಕ್ಕ ಇದ್ದಾರಲ್ಲ, ಬಸ್ ನಿಲ್ದಾಣದ ಹಿಂದಿನ ಬೀದೀಲಿ," ಅಂದ. ಮಗಳಿಗೆ ಮಾತ್ರ ದಿನಾ ಫೋನಿನಲ್ಲಿ "ಇನ್ನೂ ನೋಡ್ತಿದ್ದೀನಿ ಕಂದ" ಅನ್ನುತ್ತಾ ಬಂದೆ. ಆ ನಡುವೆ ಒಂದು ಭಾಷಣವಿತ್ತು. ನಾನು ಹುಡುಕಿಕೊಟ್ಟ ಸೋದರತ್ತೆಯನ್ನು ಜೊತೆಗೆ ಕರೆದುಕೊಂಡು ಬಂದ ಗಿರಾಕಿಯೊಬ್ಬಳು ಎಲ್ಲರೆದುರು ಕಣ್ಣೊರೆಸಿಕೊಂಡಳು. ಜನ ಚಪ್ಪಾಳೆ ತಟ್ಟಿದರು. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡದ್ದಷ್ಟೇ, ಮನೆಗೆ ಹೋಗಿ ಅಂದೂ ಮಗಳಿಗೆ ಅದೇ ಸುಳ್ಳು ಹೇಳಿದೆ.

ಕೊನೆಗೊಂದು ಬುಧವಾರ ಹೋದೆ, ಒಬ್ಬಳೇ. ಏನಾದರೂ ಹುಳುಕು ಸಿಗಲಿ ಅಂತ ಹಾರೈಸಿಕೊಂಡೇ ಹೋದೆ. ಹುಳುಕಿಲ್ಲದ ಮನೆಯನ್ನು ನಾನು ಇದುವರೆಗೆ ನೋಡಿಲ್ಲ, ಇವರದ್ದೇನು ಮಹಾ.

ಕಿರಿದಾದ ಅಂಗಡಿ. ಎರಡೂ ಗೋಡೆಗೆ ಬಟ್ಟೆಯ ಸುರುಳಿಗಳನ್ನು ನಿಲ್ಲಿಸಿದ್ದರು. ನಡುವೆ ಹೊಲಿಗೆ ಯಂತ್ರ, ಅದರ ಹಿಂದೆ ಕೊರಳಿಗೆ ಟೇಪು ಹಾಕಿಕೊಂಡ ನರೆಗೂದಲ ಹೆಂಗಸು.

"ನಾನು ವಂಶಾವಳಿ ಬರೆಯೋಳು. ನಿಮ್ಮ ತಂಗಿ ವಿಷಯ ಸ್ವಲ್ಪ ಕೇಳೋದಿತ್ತು," ಅಂದೆ.

"ನೀವು ಯಾರು ಅಂತ ಗೊತ್ತು. ಕೂತ್ಕೊಳ್ಳಿ," ಎಂದು ಸ್ಟೂಲಿನ ಮೇಲಿದ್ದ ತುಂಡುಬಟ್ಟೆ ಎತ್ತಿ ಜಾಗ ಮಾಡಿದರು. ಚಹಾ ತರಿಸಿದರು.

ನನ್ನ ಪದ್ಧತಿಯಂತೆ ಕೇಳುತ್ತಾ ಹೋದೆ. ತಾತ ಎಲ್ಲಿಂದ ಬಂದವರು, ಅಜ್ಜಿ ಯಾವ ಕಾಯಿಲೆಯಲ್ಲಿ ಹೋದರು, ತಂಗಿ ಹುಟ್ಟಿದ್ದು ಎಲ್ಲಿ. ಆಕೆ ಪರದೆಯ ಅಂಚು ಮಡಚುತ್ತಾ ಎಲ್ಲಕ್ಕೂ ಉತ್ತರ ಹೇಳಿದರು. ಹುಳುಕು ಸಿಗಲಿಲ್ಲ.

"ನನ್ನ ತಂಗೀಗೆ ಮೂಗಿನ ತುದೀಲೇ ಕೋಪ," ಅಂದರು. "ಟೈಲರ್ ಮನೇಲಿ ಹುಟ್ಟಿ ಒಂದು ಗುಂಡಿ ಹಾಕೋಕೆ ಬರ್ತಿರಲಿಲ್ಲ. ನಗೋಕೆ ಶುರು ಮಾಡಿದ್ರೆ ಮಾತ್ರ ಬಿಕ್ಕಳಿಕೆ ಬರೋವರೆಗೂ ನಿಲ್ಲಿಸ್ತಿರಲಿಲ್ಲ."

ನನ್ನ ಮಗಳೂ ನಕ್ಕು ನಕ್ಕು ಬಿಕ್ಕಳಿಸುತ್ತಾಳೆ. ನಾನೂ ಸ್ವಲ್ಪ ಹಾಗೆಯೇ. ನಗು ಮಾತ್ರ ಅಮ್ಮಂದೇ ಅಂತ ಜನ ಅಂದಾಗಲೆಲ್ಲ ಉಬ್ಬಿಹೋಗುತ್ತಿದ್ದೆ. ನನ್ನದೆಂದು ಎದೆಗವಚಿಕೊಂಡಿದ್ದ ಆ ಒಂದು ಹೋಲಿಕೆಯನ್ನೂ ಈ ಹೆಂಗಸು ಕೂತಲ್ಲೇ ಕಿತ್ತುಕೊಂಡಳು. ಚಹಾ ಇನ್ನೂ ಅರ್ಧವಿತ್ತು. ಲೋಟ ಕೆಳಗಿಟ್ಟೆ.

ಆದರೆ ಒಂದು ಸಂಗತಿ ಗಮನಿಸಿದೆ. ಅಷ್ಟು ಹೊತ್ತು ಕೂತರೂ ಆಕೆ ನನ್ನ ಮಗಳ ಬಗ್ಗೆ ಒಂದೇ ಒಂದು ಮಾತು ಕೇಳಲಿಲ್ಲ. ಹೇಗಿದ್ದಾಳೆ, ಏನು ಓದಿದಳು, ಮದುವೆಯಾಯಿತೇ, ಊಹೂಂ. ನಾನೂ ಹೇಳಲಿಲ್ಲ, ಬದುಕಿರುವವರ ಮಾತೆತ್ತಬಾರದಲ್ಲ. ತಂಗಿಯ ಒಬ್ಬಳೇ ಮಗಳ ಮೇಲೆ ಇಷ್ಟೂ ಕರುಳಿಲ್ಲದವಳು ಎಂಥ ದೊಡ್ಡಮ್ಮ? ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಇಂಥವರನ್ನು ತೋರಿಸಿ ಬಸುರಿ ಹುಡುಗಿಯ ಮನಸ್ಸು ಯಾಕೆ ನೋಯಿಸಬೇಕು ಅಂತ ಬಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟೆ. ಹೊಟ್ಟೆಕಿಚ್ಚಿಗೆ ಕಾಳಜಿ ಅಂತ ಹೆಸರಿಟ್ಟುಕೊಂಡರೆ ನಿದ್ದೆ ಚೆನ್ನಾಗಿ ಬರುತ್ತದೆ.

ಶನಿವಾರ ಮಗಳು ಬಂದು ಮತ್ತೆ ಅದೇ ಕುರ್ಚಿಯಲ್ಲಿ ಕೂತಳು.

"ಯಾರಾದ್ರೂ ಸಿಕ್ಕಿದ್ರಾ ಅಮ್ಮ?"

"ಎಲ್ಲ ಕಡೆ ನೋಡಿದೆ ಕಂದ. ಆ ಕಡೆ ಯಾರೂ ಉಳಿದಿಲ್ಲ," ಅಂದೆ. ಯಾವ ಗಿರಾಕಿಗೂ ಇಂಥ ಸುಳ್ಳು ಹೇಳಿದವಳಲ್ಲ ನಾನು. ಆದರೂ ನಾಲಿಗೆ ತೊದಲಲಿಲ್ಲ.

ಅವಳು ಅಳಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನನ್ನನ್ನೇ ನೋಡಿದಳು.

"ಬುಧವಾರ ನೀನು ದೊಡ್ಡಮ್ಮನ ಅಂಗಡಿಗೆ ಹೋಗಿದ್ದೆ," ಅಂದಳು ಮೆಲ್ಲಗೆ. "ಚಹಾ ಅರ್ಧ ಬಿಟ್ಟು ಎದ್ದು ಬಂದ್ಯಂತೆ."

"ನಿನಗ್ಯಾರು ಹೇಳಿದ್ರು?" ಅಂದೆ.

"ನಾನು ಕಾಲೇಜು ಸೇರಿದ ವರ್ಷ ಅವರೇ ಗೇಟಿನ ಹತ್ರ ಬಂದು ಮಾತಾಡಿಸಿದ್ರು. ಅವತ್ತಿಂದ ಹೋಗ್ತಾ ಬರ್ತಾ ಇದ್ದೀನಿ. ನಮ್ಮ ಮನೆ ಪರದೆ ಎಲ್ಲ ಅವರೇ ಹೊಲಿದಿದ್ದು. ಯಾರು ಹೊಲಿದ್ರೋ, ಒಳ್ಳೆ ಕೈ ಅಂತ ನೀನೇ ಹೇಳಿದ್ದೆ."

"ಮತ್ತೆ ನಿನ್ನ ಬಗ್ಗೆ ಒಂದು ಮಾತೂ ಕೇಳಲಿಲ್ಲ ಆಕೆ."

"ಏನು ಕೇಳ್ತಾರೆ, ಎಲ್ಲ ಗೊತ್ತಿರೋರು? ನೀನೂ ಸತ್ತವರ ವಿಷಯ ಮಾತ್ರ ಕೇಳಿದ್ಯಂತೆ. ನನ್ನ ವಿಷಯ ಎತ್ತಿದ್ರೆ ಹೇಳ್ತಿದ್ರು. ಅವರಾಗೇ ಬಾಯಿ ಬಿಡಬಾರದು ಅಂತ ನಾನೇ ಹೇಳಿದ್ದೆ."

ನನ್ನ ಭಾಷಣಕ್ಕೆ ನಾನೇ ಬಲಿಬಿದ್ದಿದ್ದೆ. ಸಿಟ್ಟು ನೆತ್ತಿಗೇರಿತು, ಬೇರೇನು ಮಾಡಲೂ ತೋಚಲಿಲ್ಲ.

"ಎಲ್ಲ ಗೊತ್ತಿಟ್ಕೊಂಡು ನನ್ನ ಕೈಲಿ ಯಾಕೆ ಹುಡುಕಿಸ್ದೆ? ಪರೀಕ್ಷೆ ಮಾಡ್ತಿದ್ಯಾ ನನ್ನ?"

"ಇಲ್ಲಮ್ಮ. ನೀನೇ ಹುಡುಕಿ, ನೀನೇ ನನ್ನ ಕೈ ಹಿಡ್ಕೊಂಡು ಕರ್ಕೊಂಡು ಹೋದ್ರೆ ನಿನಗೆ ನೋವಾಗಲ್ಲ ಅಂದ್ಕೊಂಡೆ. ಹೆರಿಗೆ ಹೊತ್ತಿಗೆ ನಂಗೆ ಇಬ್ರೂ ಬೇಕು. ನೀನು ಬರ್ತೀಯ ಅಂದ್ರೆ ದೊಡ್ಡಮ್ಮನ ಫೋಟೋ ಬಚ್ಚಿಡೋದು, ನೀನು ಹೋದ ಮೇಲೆ ಅವರನ್ನ ಕರೆಯೋದು, ಸಾಕಾಗಿದೆ ಅಮ್ಮ."

ಎದ್ದು ಹೋಗಿ ಅವಳನ್ನು ತಬ್ಬಿಕೊಳ್ಳಬೇಕಿತ್ತು. ತಪ್ಪಾಯಿತು ಕಂದ, ನಾಳೆಯೇ ಹೋಗೋಣ ಅನ್ನಬೇಕಿತ್ತು. ಅನ್ನಬೇಕು ಅಂತಲೇ ಬಾಯಿ ತೆರೆದೆ.

"ಆಸ್ಪತ್ರೇಲಿ ಮಗೂನ ಮೊದಲು ಯಾರ ಕೈಗೆ ಕೊಡ್ತೀಯ?"

ಮಗಳು ಮೇಜಿಗೆ ಕೈಯೂರಿ ಎದ್ದಳು. ಬ್ಯಾಗು ಹೆಗಲಿಗೇರಿಸಿಕೊಂಡಳು.

"ಇದಕ್ಕೇ ಅಮ್ಮ, ನಾನು ಇಷ್ಟು ವರ್ಷ ಹೇಳ್ದೆ ಇದ್ದಿದ್ದು," ಅಂದಳು.