ಐತಿ ಎಂದ ಮಾತು

ಕಡಲೆಕಾಳಿನಷ್ಟು ಒಂದು ಹಸಿರು ದೀಪ. ಕಾಣೆಯಾದವರ ನೋಂದಣಿ ಕಚೇರಿಯಲ್ಲಿ ನನ್ನ ನೌಕರಿಯೆಲ್ಲ ಅದನ್ನು ನೋಡುವುದರಲ್ಲೇ ಕಳೆಯಿತು. ಬೆಳಿಗ್ಗೆ ಹತ್ತಕ್ಕೆ, ಕಾಣೆಯಾದವರ ವಿವರವನ್ನೆಲ್ಲ ತುಂಬಿಟ್ಟ ಡೇಟಾಬೇಸ್ ಸರ್ವರಿನ ಕೋಣೆಗೆ ಹೋಗಿ ಒಂದು ಸಾಲಿನ ಪ್ರಶ್ನೆ ಒತ್ತುತ್ತಿದ್ದೆ. "ಒಂದು ಕೊಡು" ಎಂದರೆ ಅದು ಪರದೆಯ ಮೇಲೆ ಒಂದು ಎಂಬ ಅಂಕಿ ಕೊಡಬೇಕು. ಕೊಟ್ಟರೆ ಹಸಿರು ದೀಪ ಉರಿಯುತ್ತಿತ್ತು, ಯಂತ್ರ ಬದುಕಿದೆ ಎಂದರ್ಥ. ಪುಸ್ತಕದಲ್ಲಿ "ಆರೋಗ್ಯ: ಸರಿ" ಎಂದು ಬರೆದು, ಸಹಿ ಹಾಕಿ, ಚಹಾಕ್ಕೆ ಹೋಗುತ್ತಿದ್ದೆ. ಇಷ್ಟಕ್ಕೇ ನನಗೆ ಜಂಬವೂ ಇತ್ತು.

ಪ್ರತಿ ಸೋಮವಾರ ಕಾಶವ್ವ ಬರುತ್ತಿದ್ದಳು. ಬಸ್‌ನಿಲ್ದಾಣದ ಗದ್ದಲದಲ್ಲಿ ಕೈತಪ್ಪಿದ ಮಗಳು ಇಂದಿರಿಯ ಒಂದೇ ಒಂದು ಫೋಟೊವನ್ನು ಅವಳು ನಮಗೆ ಕೊಟ್ಟಿದ್ದಳು. ಅದನ್ನು ಸರ್ವರಿಗೆ ಸೇರಿಸಿದ ಮೇಲೆ, ನಿಯಮದಂತೆ ಫೋಟೊ ಸಮೇತ ಕಾಗದಪತ್ರವೆಲ್ಲ ರದ್ದಿಗೆ ಹೋಯಿತು.

"ಐತೇನ್ರಿ ಸಾಹೇಬ್ರ?" ಎಂದು ಬಾಗಿಲಲ್ಲೇ ಕೇಳುತ್ತಿದ್ದಳು.

"ಐತಬೇ ಯವ್ವಾ, ಗಟ್ಟಿ ಐತಿ" ಎನ್ನುತ್ತಿದ್ದೆ.

ಅವಳು ಕೇಳುತ್ತಿದ್ದುದು ಮಗಳ ಮುಖವನ್ನು. ನಾನು ಹೇಳುತ್ತಿದ್ದುದು ಯಂತ್ರದ ಜೀವವನ್ನು. ಎರಡಕ್ಕೂ ಒಂದೇ ಮಾತು ಸಾಲುತ್ತಿದ್ದುದರಿಂದ ಈ ಅಂತರ ಮೂರು ವರ್ಷ ಇಬ್ಬರಿಗೂ ತಿಳಿಯಲಿಲ್ಲ.

ಒಂದು ಸೋಮವಾರ ದೂರದ ಊರಿನ ಆಸ್ಪತ್ರೆಯಿಂದ ಫೋನ್ ಬಂತು. ಎರಡು ವರ್ಷದ ಹಿಂದೆ ಅಲ್ಲಿ ಗುರುತಿಲ್ಲದ ಹುಡುಗಿಯೊಬ್ಬಳು ತೀರಿಕೊಂಡಿದ್ದಳು, ಮಣ್ಣೂ ಆಗಿತ್ತು; ವಯಸ್ಸು ಇಂದಿರಿಯದಕ್ಕೇ ಹೊಂದುತ್ತಿತ್ತು. ಅದು ಬಿಟ್ಟರೆ ಅವರ ಬಳಿ ಉಳಿದದ್ದು ಒಂದೇ ಗುರುತು: ಬಲಗೆನ್ನೆಯ ಮೇಲೆ ಮಚ್ಚೆ. "ನಿಮ್ಮಲ್ಲಿರೋ ಫೋಟೊ ನೋಡಿ ಹೇಳ್ರಿ" ಎಂದರು.

ಅಂದು ಮೊದಲ ಸಲ ನಾನು ಯಂತ್ರಕ್ಕೆ ಇಂದಿರಿಯನ್ನು ಕೇಳಿದೆ. ಹೆಸರು ಬಂತು, ವಯಸ್ಸು ಬಂತು. ಚಿತ್ರದ ಜಾಗ ಖಾಲಿ. ಬೇರೆಯವರ ಹೆಸರು ಕೊಟ್ಟು ನೋಡಿದೆ, ಅಲ್ಲೂ ಖಾಲಿ. ಚಿತ್ರಗಳಿದ್ದ ಡಿಸ್ಕು ಯಾವಾಗಲೋ ಕೆಟ್ಟಿತ್ತು, ನನ್ನ ಬೆಳಗಿನ ಪ್ರಶ್ನೆ ಅಲ್ಲಿಯವರೆಗೆ ಹೋಗುತ್ತಲೇ ಇರಲಿಲ್ಲ. ಜೀವ ಇದೆಯೇ ಎಂದು ದಿನವೂ ಕೇಳಿದವನು, ಏನು ಉಳಿದಿದೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ಕಾಶವ್ವ ಬಾಗಿಲಿಗೆ ಬಂದಾಗ ಮುಚ್ಚಿಡದೆ ಎಲ್ಲ ಹೇಳಿದೆ. "ಮಚ್ಚೆ ಯಾವ ಕಡೆ ಇತ್ತಬೇ?"

"ಇತ್ರಿ, ಖರೇನ ಇತ್ತು." ಅವಳು ತನ್ನ ಎಡಗೆನ್ನೆ ಮುಟ್ಟಿಕೊಂಡಳು, ಆಮೇಲೆ ಬಲಗೆನ್ನೆ. "ಎದುರಿಗೆ ಕುಂತಾಗ ಈ ಕಡೆ... ಹಿಂದ ಕುಂತು ತಲಿ ಹಿಕ್ಕೂವಾಗ ಆ ಕಡೆ... ಅಲ್ಲ, ಈ ಕಡೆ... ನೆನಪಾಗವಲ್ದ್ರಿ." ಕೈ ನಿಂತಿತು. "ನಿಮ್ಮಲ್ಲಿ ಐತಲ್ಲಾ ಅಂತ ನಾ ನೆನಪು ಇಟ್ಕೊಳ್ಳಲಿಲ್ರಿ ಸಾಹೇಬ್ರ."

ಆಸ್ಪತ್ರೆಗೆ ಏನೆಂದು ಹೇಳಲಿ? ಹೌದೆಂದರೆ ಮಗಳು ಸತ್ತಳು, ಅಲ್ಲವೆಂದರೆ ಇನ್ನೂ ಎಲ್ಲೋ ಇದ್ದಾಳೆ. ಎರಡನ್ನೂ ಹೇಳಲಾಗದೆ "ಗೊತ್ತಿಲ್ಲ" ಎಂದೆ. ಅವರು ಹಾಗೆಯೇ ಬರೆದುಕೊಂಡರು.

ಮುಂದಿನ ಸೋಮವಾರವೂ ಅವಳು ಬಂದಳು. ಐತೇನ್ರಿ ಎಂದು ಕೇಳಲಿಲ್ಲ. ಬಾಗಿಲಲ್ಲಿ ನಿಂತು ಒಂದು ಕೆನ್ನೆ ಮುಟ್ಟಿಕೊಂಡಳು, ಮತ್ತೆ ಇನ್ನೊಂದು. ಒಳಗೆ ಹಸಿರು ದೀಪ ಉರಿಯುತ್ತಲೇ ಇತ್ತು.