ನೀಲಿಯನ್ನು ಹಸಿರೆಂದ ಭಾವ

ನಮ್ಮ ಭಾವ ಯಾವುದನ್ನೂ ಬರಿದೇ ಹಸಿರು ಎಂದವರಲ್ಲ. ಅಕ್ಕ ಹೊಸ ಪರದೆ ತಂದು ತೋರಿಸಿದರೆ, ಕತ್ತು ಓರೆ ಮಾಡಿ, ಇದು ಮೊದಲ ಸುತ್ತಿನ ಹಸಿರೋ ಎರಡನೆಯ ಸುತ್ತಿನದೋ ಎಂದು ಕೇಳುವರು. ಅಂಗಡಿಯವನು ಅದನ್ನು ಹೇಳಲಿಲ್ಲ, ಮೊದಲು ಕುರ್ಚಿ ಹತ್ತಿ ಕಟ್ಟಿ ಎನ್ನುವಳು ಅಕ್ಕ.

ಅವರ ಕೆಲಸವೇ ಅಂಥದು. ಬೇರಿಂಗಿನಲ್ಲಿ ಗುಂಡು ಉರುಳುವಾಗ ಉಕ್ಕಿಗೂ ಉಕ್ಕಿಗೂ ನಡುವೆ ಉಳಿಯುವ ಎಣ್ಣೆಯ ಪದರ ಕೂದಲೆಳೆಯ ಮುನ್ನೂರರಲ್ಲೊಂದು ಪಾಲು. ಅದು ಹರಿದರೆ ಯಂತ್ರ ಕೆಟ್ಟಿತು. ಗುಂಡನ್ನು ತಿರುಗುವ ಗಾಜಿನ ತಟ್ಟೆಗೆ ಒತ್ತಿ ಬೆಳಕು ಬಿಟ್ಟರೆ, ನೀರಿನ ಮೇಲೆ ಎಣ್ಣೆ ಚೆಲ್ಲಿದಂತೆ ಬಣ್ಣಗಳೇಳುತ್ತವೆ. ಪದರ ದಪ್ಪವಾದಂತೆ ಹಳದಿ, ಕೆಂಪು, ನೀಲಿ, ಹಸಿರು ಒಂದರ ಹಿಂದೊಂದು ಬಂದು, ಮತ್ತೆ ಸುತ್ತು ಹಾಕುತ್ತವೆ. ಮೊಣಕೈ ಸವೆದ ಕಂದು ಕೋಟು ತೊಟ್ಟು, ಉಸಿರು ಹಿಡಿದು ಸೂಕ್ಷ್ಮದರ್ಶಕಕ್ಕೆ ಬಾಗುತ್ತಿದ್ದ ಭಾವ, ಬಣ್ಣ ನೋಡಿ ದಪ್ಪವನ್ನು ಬಾಯಲ್ಲೇ ಹೇಳುತ್ತಿದ್ದರು. ಆ ಅಂಕಿಯನ್ನು ನಂಬಿಯೇ ಕಾರ್ಖಾನೆಗಳು ಎಣ್ಣೆ ಆರಿಸುತ್ತಿದ್ದವು. ಇಪ್ಪತ್ತಾರು ವರ್ಷ ಅವರ ಮಾತಿಗೆ ಎದುರಿರಲಿಲ್ಲ.

ಕಡೆಗೆ ಹೊಸದಾಗಿ ಸೇರಿದ ಎಂಜಿನಿಯರ್ ಒಬ್ಬಳು ಎದುರಾಡಿದಳು. ಅವರು ಹಸಿರೆಂದಲ್ಲಿ ಆಕೆ ನೀಲಿ ಎಂದಳು; ಎಂದರೆ ಪದರ ಅವರು ಹೇಳಿದ್ದಕ್ಕಿಂತ ತೆಳು. ಭಾವ ನಕ್ಕು ಆಕೆಯ ಅಳತೆ ಪುಸ್ತಕದಲ್ಲಿ ಹನ್ನೊಂದು ಕಡೆ ನೀಲಿಯನ್ನು ಹಸಿರೆಂದು ತಿದ್ದಿದರು. ಆಕೆಯ ವರದಿ ಅಲ್ಲಿಗೇ ನಿಂತಿತು.

ಆ ವರ್ಷವೇ ಅವರು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಪಟ್ಟಿ ಬಿಚ್ಚಿದ ಮರುದಿನ ಬೆಳಿಗ್ಗೆ ಬಚ್ಚಲಿನ ಬಾಗಿಲಲ್ಲಿ ನಿಂತು, "ಹಸಿರು ಬಕೆಟ್ ಎಲ್ಲೇ?" ಎಂದರು.

"ನಮ್ಮನೇಲಿ ಹಸಿರು ಬಕೆಟ್ ಯಾವಾಗಿತ್ತು? ಎರಡು ವರ್ಷದಿಂದ ಇದೇ ನೀಲಿ ಬಕೆಟ್," ಎಂದಳು ಅಕ್ಕ.

ಭಾವ ತಿಂಡಿಗೂ ಕೂರಲಿಲ್ಲ. ಒಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಜೊತೆಗೆ ಹೋದೆ. ಪ್ರಯೋಗಶಾಲೆಯಲ್ಲಿ ಗುಂಡು ತಿರುಗಿತು, ಬಣ್ಣ ಎದ್ದಿತು. ಆ ಹೊಸ ಎಂಜಿನಿಯರಳ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಅವರು ಬಹಳ ಹೊತ್ತು ತಲೆಯೆತ್ತಲಿಲ್ಲ. ಆಮೇಲೆ ಎಲ್ಲರನ್ನೂ ಕರೆದು, ಅವರೆದುರೇ ಆಕೆಗೆ ಹೇಳಿದರು: "ಹನ್ನೊಂದೂ ನಿಂದೇ ಸರಿ ಕಣಮ್ಮ. ಪೊರೆ ಬಂದು ನನ್ನ ಕಣ್ಣೇ ಹಳದಿಯಾಗಿತ್ತು, ನೀಲಿಯೆಲ್ಲ ಹಸಿರಾಗಿ ಕಾಣ್ತಿತ್ತು. ಎರಡು ವರ್ಷದ ನನ್ನ ಅಂಕಿಗಳನ್ನೆಲ್ಲ ಮತ್ತೆ ಅಳೀಬೇಕು."

ಆಕೆ ಪುಸ್ತಕದಲ್ಲಿ ಹೊಸ ಪುಟ ತೆರೆದು, "ಅಳೆಯೋಣ ಸರ್. ಆದರೆ ಈ ಸಲ ಬಣ್ಣ ಮೊದಲು ನಾನು ಹೇಳ್ತೀನಿ," ಎಂದಳು.

ಅಂಕಿ ತಪ್ಪಾಗಿದೆಯೆಂದು ಕಾರ್ಖಾನೆಗಳಿಗೆ ಕಾಗದ ಬರೆದದ್ದೂ ಭಾವನೇ. ಮೂರು ತಿಂಗಳು ಇಬ್ಬರೂ ಕೂತು ಅಳೆದರು. ಆಕೆಯ ವರದಿ ಹೊರಬಂತು. ಕಣ್ಣಿಗೆ ಕಾಣದಷ್ಟು ತೆಳುವಾದುದರ ಹಿಂದೆ ಆಯುಷ್ಯ ಕಳೆಯುವ ಇಂಥವರಿಗೆ, ತಾವು ಸರಿಯೆನ್ನಿಸಿಕೊಳ್ಳುವುದಕ್ಕಿಂತ ಅಳತೆ ಸರಿಯಾಗುವುದೇ ದೊಡ್ಡದು; ಅದಾದ ದಿನ, ತಪ್ಪು ತಮ್ಮದೇ ಆಗಿದ್ದರೂ, ಅವರು ಹೊಟ್ಟೆ ತುಂಬ ಉಂಡು ನಿಶ್ಚಿಂತೆಯಿಂದ ಮಲಗುತ್ತಾರೆ.